ಮಣ್ಣೇ ಇಲ್ಲದ ಪದವಿನಲ್ಲಿ ಗಿಡಗಳಿಗೆ ಊಟ ಎಲ್ಲಿಂದ?

ಪ್ರಶ್ನೆ: ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಕಲ್ಲುಬಯಲುಗಳಲ್ಲಿ, ಮಣ್ಣೇ ಇಲ್ಲ ಅನ್ನಬಹುದು. ಆದರೂ ಮಳೆಗಾಲದ ಕೊನೆಗೆ ಅಷ್ಟೊಂದು ನೀಲಿ ಹೂ ಹೇಗೆ ಅರಳುತ್ತವೆ?

ಉತ್ತರ: ಆ ಗಿಡಗಳು ಜೀವಿಗಳನ್ನು ಹಿಡಿದು ತಿನ್ನುತ್ತವೆ! ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸಾರಜನಕ ಮತ್ತು ರಂಜಕ ತೀರಾ ಕಮ್ಮಿ. ಇದ್ದದ್ದನ್ನೂ ಜಡಿಮಳೆ ತೊಳೆದುಬಿಡುತ್ತದೆ.

ನೀಲಿ ಹೂವಿನ ಗಿಡ ಯುಟ್ರಿಕ್ಯುಲೇರಿಯಾ. ಅದಕ್ಕೆ ನಿಜವಾದ ಬೇರೇ ಇಲ್ಲ. ಕೆಸರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ಸೂಕ್ಷ್ಮಜೀವಿಯೊಂದು ಚೀಲದ ಬಾಯಿಗೆ ತಾಗಿತೋ, ಬಾಗಿಲು ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಎಲ್ಲ ಕಣ್ಣು ಮಿಟುಕಿಸುವುದರೊಳಗೆ! ಪಕ್ಕದಲ್ಲೇ ಡ್ರೋಸೆರಾ ಎಂಬ ಇನ್ನೊಂದು ಹುಳ ಹಿಡಿಯುವ ಗಿಡ ಇದ್ದರೆ ಬಗ್ಗಿ ನೋಡಿ. ಎಲೆಯ ಕೂದಲುಗಳ ತುದಿಯಲ್ಲಿ ಅಂಟುಹನಿ ಹೊಳೆಯುತ್ತಿರುತ್ತದೆ. ಅದರ ಮೇಲೆ ಕೂತ ನುಸಿ ಮತ್ತೆ ಏಳುವುದಿಲ್ಲ. ಗಿಡ ಅದನ್ನು ಅಲ್ಲೇ ಕರಗಿಸಿ ಹೀರುತ್ತದೆ.

ಹಾಗಂತ ಹುಳವೇ ಊಟ ಅಲ್ಲ. ಊಟ ತಯಾರಾಗುವುದು ಬಿಸಿಲಿನಿಂದಲೇ, ಹುಳ ಗೊಬ್ಬರದ ಲೆಕ್ಕ. ಹೂ ಮಾತ್ರ ದಂಟಿನ ತುದಿಯಲ್ಲಿ, ಬಲೆಯಿಂದ ದೂರ. ಪರಾಗ ಒಯ್ಯುವ ಹುಳ ಸಾಯಬಾರದು ಅಲ್ವಾ? ಕಲ್ಲಿನ ಮೇಲೆ ನಾವು ಜಾರುವ ನೀಲಿ-ಹಸಿರು ಪಾಚಿಯೂ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಇಂಥ ಪದವುಗಳನ್ನು ಸುಮ್ನೆ ಬಿದ್ದಿರುವ ಜಾಗ ಅಂತ ಕಲ್ಲುಕೋರೆಗೆ ಬಿಡುವುದು ನನಗೆ ಬಹಳ ಬೇಸರದ ವಿಷಯ.