ಮೈಕು ಆಮೇಲೆ, ಮೊದಲು ಕಾಯ್ದೆ ಓದಿಸಿ

ಗಾಂಜಾ ಕಾನೂನು ಬದಲಾಗಬೇಕು ಅಂತ ಮಾತಾಡಲು ಹೊರಟ ಶಿರಸಿಯ ಇಬ್ಬರು ಹುಡುಗಿಯರಿಗೆ ಏನು ಕಲಿಸಲಿ ಅಂತ ಕೇಳಿದ್ದೀರಿ. ನಾನು ಕುಮಟಾದವಳು, ಇಂಥ ಒಬ್ಬಳ ಜೊತೆ ನಿಂತಿದ್ದೆ.

ಮೊದಲು 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ ಓದಿಸಿ. ಅದರ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಡುವ ತುದಿ. ತುದಿ ಜೊತೆಗಿಲ್ಲದ ಬೀಜ, ಎಲೆ ಅದರಲ್ಲಿ ಸೇರೋದಿಲ್ಲ. ನಮ್ಮ ಹುಡುಗಿ ಈ ಸಾಲಿಗೆ ಪೆನ್ಸಿಲಲ್ಲಿ ಗೀಟು ಎಳೆದೂ ಎಳೆದೂ ಹಾಳೆಯೇ ತೂತಾಗಿತ್ತು. ಸಭೆಯಲ್ಲಿ ಯಾರೋ "ಗೋಕರ್ಣದ ಗಿರಾಕಿನಾ?" ಅಂತ ನಕ್ಕರು. ಅವಳು ಸುಮ್ನೆ ಆ ಸಾಲು ಓದಿದಳು. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ.

ನಾರು, ಬೀಜಕ್ಕಾಗಿ ಈ ಗಿಡ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅನ್ನುತ್ತದೆ 14ನೇ ಸೆಕ್ಷನ್. ಉತ್ತರಾಖಂಡ 2018ರಲ್ಲೇ ಲೈಸೆನ್ಸ್ ಕೊಟ್ಟಿದೆ. ಅಡಿಕೆ ಬೆಳೆಯುವವರಿಗೆ ಈ ಮಾತು ಬೇಗ ಹಿಡಿಸುತ್ತದೆ, ಅಲ್ವಾ? ಹೆಂಗಸರ ಮೈ ತಪಾಸಣೆ ಹೆಂಗಸರೇ ಮಾಡಬೇಕು ಅನ್ನುವ 50ನೇ ಸೆಕ್ಷನ್ನೂ ಬಾಯಿಪಾಠ ಇರಲಿ.

ಅವರ ಮನೆಗೆ ಒಮ್ಮೆ ನೀವೇ ಹೋಗಿ ಬನ್ನಿ. ಅಮ್ಮಂದಿರಿಗೆ ಕಾನೂನಿಗಿಂತ ಊರವರ ಮಾತಿನ ಹೆದರಿಕೆ ಜಾಸ್ತಿ. ಸಂಜೆ ಕುಮಟಾದಲ್ಲಿ ಸಭೆ ಇದ್ದರೆ ವಾಪಸ್ ಬಸ್ಸಿನ ಟೈಮು ಮೊದಲೇ ನೋಡಿಡಿ, ದೇವಿಮನೆ ಘಾಟಿ ಹತ್ತಬೇಕಲ್ಲ.