ಓದುಗರು ಕೇಳಿದ್ದು: ಯಾವ ಹಾವಿಗೆ ಅಂಜಬೇಕು?

ಮಳೆ ಬಿದ್ದು ಹೊಲದ ಕೆಲಸ ಶುರುವಾಗುತ್ತಿದ್ದಂತೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹಾವಿನ ಬಗ್ಗೆ ಪತ್ರಗಳು ಬಂದಿವೆ. ಅವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಜಗತ್ತಿನ ಅತಿ ವಿಷದ ಹಾವು ಯಾವುದು? ನಮ್ಮ ಕಡೆ ಅಂಥವು ಇವೆಯೇ? (ಪದವಿ ವಿದ್ಯಾರ್ಥಿ, ಕಲಬುರಗಿ)

ವಿಷದ ಕಡುಪು ಒಂದನ್ನೇ ಅಳೆದರೆ ಆಸ್ಟ್ರೇಲಿಯಾದ ಒಳನಾಡಿನ ತೈಪಾನ್ ಮೊದಲನೆಯದು. ಒಂದು ಕಿಲೋ ತೂಕಕ್ಕೆ 0.025 ಮಿಲಿಗ್ರಾಂ ಲೆಕ್ಕದಲ್ಲಿ ಚುಚ್ಚಿದರೆ ಪ್ರಯೋಗದ ಇಲಿಗಳಲ್ಲಿ ಅರ್ಧ ಸಾಯುತ್ತವೆ. ಆದರೆ ಅದು ಇರುವುದು ಜನವಸತಿ ತೀರಾ ಕಡಿಮೆ ಇರುವ ಬೆಂಗಾಡಿನಲ್ಲಿ, ನಮ್ಮ ಎರೆಹೊಲದ ಹಾಗೆ ಬಿರಿಯುವ ಮಣ್ಣಿನ ಸಂದುಗಳಲ್ಲಿ. ಮನುಷ್ಯರನ್ನು ಕಂಡರೆ ಸರಿದುಹೋಗುತ್ತದೆ. ಅದು ಕಚ್ಚಿ ಯಾರೂ ಸತ್ತ ದಾಖಲೆ ಇಲ್ಲ.

ಅಪಾಯದ ಲೆಕ್ಕಕ್ಕೆ ಇನ್ನೂ ಮೂರು ಸಂಗತಿ ಸೇರಿಸಬೇಕು: ಒಂದು ಕಡಿತಕ್ಕೆ ಎಷ್ಟು ವಿಷ ಬಿಡುತ್ತದೆ, ನಮ್ಮ ಓಡಾಟದಲ್ಲಿ ಎಷ್ಟು ಸಲ ಎದುರಾಗುತ್ತದೆ, ಔಷಧಿ ಎಷ್ಟು ದೂರದಲ್ಲಿದೆ. ಆಗ ನಮ್ಮ ಹೊಲಮನೆಯ ಹಾವುಗಳೇ ಮುಂದೆ ಬರುತ್ತವೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂಬ ಅಂದಾಜಿದೆ. ಅದರಲ್ಲಿ ಹೆಚ್ಚಿನ ಪಾಲು ನಾಲ್ಕು ಹಾವುಗಳದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಲ್ಕೂ ನಿಮ್ಮ ಜಿಲ್ಲೆಯಲ್ಲಿವೆ. ಕಾಳಿಂಗ ಸರ್ಪ ಮಲೆನಾಡಿನದು, ನಿಮ್ಮ ಕಡೆ ಅದರ ಚಿಂತೆ ಬೇಡ.

ಪ್ರಶ್ನೆ: ನಮ್ಮೂರಲ್ಲಿ ನೆಲದ ಮೇಲೆ ಮಲಗಿದ್ದ ಹುಡುಗನಿಗೆ ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಶುರುವಾಯಿತು. ಗ್ಯಾಸ್ ಅಂತ ಗುಳಿಗೆ ಕೊಟ್ಟರು. ಆಮೇಲೆ ಕಣ್ಣೇ ತೆರೆಯಲಾಗಲಿಲ್ಲ. ಕಡಿದ ಗುರುತು ಇಲ್ಲದಿದ್ದರೂ ವೈದ್ಯರು ಹಾವು ಎಂದರು. ಅದು ಹೇಗೆ? (ಹುಮನಾಬಾದ್)

ಇದು ಕಟ್ಟುಹಾವಿನ ಕೆಲಸ. ಕೆಲವೆಡೆ ಇದನ್ನು ಕಡಂಬಳ ಅನ್ನುತ್ತಾರೆ. ಕಪ್ಪು ಮೈ, ಅದರ ಮೇಲೆ ಜೋಡಿಜೋಡಿಯಾಗಿ ತೆಳು ಬಿಳಿ ಪಟ್ಟಿ. ಪಟ್ಟಿಗಳು ತಲೆಯಿಂದ ಸ್ವಲ್ಪ ಹಿಂದೆ ಶುರುವಾಗಿ ಬಾಲದವರೆಗೂ ಇರುತ್ತವೆ. ಇದನ್ನೇ ಹೋಲುವ, ವಿಷವಿಲ್ಲದ ತೋಳಹಾವಿಗೆ ಪಟ್ಟಿ ಕುತ್ತಿಗೆಯಲ್ಲೇ ಶುರುವಾಗಿ ಬಾಲದ ಕಡೆ ಮಾಸುತ್ತದೆ.

ಕಟ್ಟುಹಾವು ರಾತ್ರಿ ತಿರುಗುತ್ತದೆ. ಇಲಿ, ಹಲ್ಲಿ, ಬೇರೆ ಹಾವು ಹುಡುಕುತ್ತ ಮನೆಯೊಳಗೆ ಬಂದು, ಮಲಗಿದವರು ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ಹಲ್ಲು ಸಣ್ಣದು. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ಸೊಳ್ಳೆ ಕಡಿಯಿತೆಂದು ಕೆರೆದುಕೊಂಡು ಮತ್ತೆ ಮಲಗುತ್ತಾರೆ. ಕೆಲವು ಗಂಟೆಗಳಲ್ಲಿ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗದೆ ಬಾಯಿಂದ ಸುರಿಯುತ್ತದೆ, ಕುತ್ತಿಗೆ ನಿಲ್ಲುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವಿನ ಜೊತೆ ರೆಪ್ಪೆ ಭಾರವಾಗಿದ್ದರೆ, ಗುರುತು ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಈ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಪ್ರತಿವಿಷ ತಡೆಯುತ್ತದೆ, ಹಾಳಾದ ನರದ ತುದಿಯನ್ನು ರಿಪೇರಿ ಮಾಡಲಾರದು. ಅದು ತಾನೇ ಚೇತರಿಸಿಕೊಳ್ಳುವ ತನಕ, ಎಂದರೆ ಕೆಲವು ದಿನ, ವೆಂಟಿಲೇಟರ್ ಉಸಿರಾಡಿಸಬೇಕು. ಆ ಹೊತ್ತಿನಲ್ಲಿ ರೋಗಿ ಕಣ್ಣು ತೆರೆಯುವುದಿಲ್ಲ, ಕೈಕಾಲು ಆಡಿಸುವುದಿಲ್ಲ. ಆದರೂ ಒಳಗೆ ಎಚ್ಚರವಿರಬಹುದು, ನಿಮ್ಮ ಮಾತು ಕೇಳಿಸುತ್ತಿರಬಹುದು. ಹೋಗೇಬಿಟ್ಟ ಎಂದುಕೊಂಡು ಮನೆಗೆ ಒಯ್ಯಲು ಆತುರಪಡಬೇಡಿ, ದಯವಿಟ್ಟು. ವೆಂಟಿಲೇಟರ್ ಸಿಕ್ಕ ಕಟ್ಟುಹಾವಿನ ರೋಗಿ ಪೂರ್ತಿ ಚೇತರಿಸಿಕೊಂಡು ಎದ್ದು ನಡೆಯುವುದು ಸಾಮಾನ್ಯ.

ಪ್ರಶ್ನೆ: ಪಂಚಮಿಗೆ ಹುತ್ತಕ್ಕೆ ಎರೆದ ಹಾಲನ್ನು ಹಾವು ಕುಡಿಯುತ್ತದೆಯೇ? (ಗೃಹಿಣಿ, ಸುರಪುರ)

ಇಲ್ಲ. ಹಾಲು ಹಾವಿನ ಆಹಾರವಲ್ಲ. ಪೂಜೆ ಮಾಡಿ, ಹುತ್ತದ ಬಾಯಿಗೆ ಮಾತ್ರ ಕೈ ಹಾಕಬೇಡಿ.

ಪ್ರಶ್ನೆ: ಕಡಿದ ಕೂಡಲೇ ಮೇಲೆ ಬಿಗಿಯಾಗಿ ಕಟ್ಟಬೇಕೆಂದು ಹಿರಿಯರು ಹೇಳುತ್ತಾರೆ. ಮಂತ್ರ ಹಾಕಿಸಿದವರು ಬದುಕಿದ್ದನ್ನೂ ನೋಡಿದ್ದೇವೆ. ಏನು ಮಾಡಬೇಕು? (ರೈತ, ಚಿತ್ತಾಪುರ)

ಮಂತ್ರದ ಮಾತು ಮೊದಲು. ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲೂರುತ್ತದೆ. ಅಂಥವರು ಎಲ್ಲಿಗೆ ಹೋದರೂ ಬದುಕುತ್ತಾರೆ, ಹೆಸರು ಮಂತ್ರಕ್ಕೆ ಬರುತ್ತದೆ. ವಿಷ ಏರಿದವರಿಗೆ ಆ ಕಟ್ಟೆಯ ಮೇಲೆ ಕಳೆದ ಎರಡು ಗಂಟೆ ತಿರುಗಿ ಸಿಗುವುದಿಲ್ಲ.

ಹಗ್ಗ ಬೇಡ. ಮಂಡಲದ ಹಾವಿನ ವಿಷ ಮಾಂಸ ಕೊಳೆಯಿಸುತ್ತದೆ. ಬಿಗಿದು ರಕ್ತ ನಿಲ್ಲಿಸಿದರೆ ಆ ಕೊಳೆತ ಇನ್ನೂ ಹೆಚ್ಚಿ ಕಾಲೇ ಹೋಗಬಹುದು. ಬ್ಲೇಡಿನಿಂದ ಕೊಯ್ಯುವುದಂತೂ ಬೇಡವೇ ಬೇಡ: ಅದೇ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ತಿಂದಿರುತ್ತದೆ, ಕೊಯ್ದ ಗಾಯದ ರಕ್ತ ನಿಲ್ಲುವುದಿಲ್ಲ. ಬಾಯಿಂದ ಹೀರುವುದು, ಮಂಜುಗಡ್ಡೆ ಇಡುವುದು, ಸೊಪ್ಪು ಅರೆದು ಹಚ್ಚುವುದು, ಸೆರೆ ಕುಡಿಸುವುದು ಯಾವುದೂ ಬೇಡ.

ಕೂರಿಸಿ ಅಥವಾ ಮಲಗಿಸಿ, ಧೈರ್ಯ ಹೇಳಿ. ಉಂಗುರ, ಬಳೆ, ಕಾಲುಂಗುರ, ಉಡಿದಾರ ತಕ್ಷಣ ತೆಗೆಯಿರಿ, ಬಾವು ಬಂದ ಮೇಲೆ ಅವೇ ಹಗ್ಗವಾಗುತ್ತವೆ. ಕಡಿದ ಕೈ ಅಥವಾ ಕಾಲಿಗೆ ಎರಡು ಕೋಲು ಇಟ್ಟು, ಮುರಿದ ಎಲುಬಿಗೆ ಕಟ್ಟುವಂತೆ ಸಡಿಲವಾಗಿ ಬಟ್ಟೆ ಸುತ್ತಿ. ಅಲುಗಾಡಿದಷ್ಟೂ ವಿಷ ಬೇಗ ಹರಡುತ್ತದೆ, ಅದಕ್ಕೇ ನಡೆಸಬೇಡಿ. ವಾಂತಿ ಅಥವಾ ಮಂಪರು ಇದ್ದರೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡಾದರೂ ಹೊರಡಿ. ಕಡಿದ ಹೊತ್ತು ಎಷ್ಟೆಂದು ನೆನಪಿಡಿ. ಹಾವನ್ನು ಕೊಂದು ತರುವುದು ಬೇಡ, ನಾಲ್ಕಕ್ಕೂ ಒಂದೇ ಪ್ರತಿವಿಷ.

ಯಾರಾದರೂ ಆಗಲೇ ಹಗ್ಗ ಬಿಗಿದಿದ್ದರೆ ದಾರಿಯಲ್ಲಿ ಒಮ್ಮೆಲೆ ಬಿಚ್ಚಬೇಡಿ. ತಡೆದ ವಿಷವೆಲ್ಲ ಒಟ್ಟಿಗೆ ನುಗ್ಗುತ್ತದೆ. ಪ್ರತಿವಿಷ ಕೈಗೆಟುಕುವಲ್ಲಿ ವೈದ್ಯರೇ ಬಿಚ್ಚಲಿ.

ಪ್ರಶ್ನೆ: ಹಾವು ಕಡಿದ ಆರು ವರ್ಷದ ಮಗಳಿಗೆ ಆಸ್ಪತ್ರೆಯಲ್ಲಿ ಪ್ರತಿವಿಷದ 10 ವಯಲ್ (ಸಣ್ಣ ಸೀಸೆ) ಹಾಕಿದರು. ದೊಡ್ಡವರಿಗೂ ಅಷ್ಟೇ ಅಂತೆ. ಮಗುವಿಗೆ ಹೆಚ್ಚಾಗಲಿಲ್ಲವೇ? ಅದಕ್ಕೂ ಮುಂಚೆ ರಕ್ತ ತೆಗೆದು 20 ನಿಮಿಷ ಸುಮ್ಮನೆ ಇಟ್ಟಿದ್ದೇಕೆ? (ಔರಾದ)

ಹೆಚ್ಚಾಗಲಿಲ್ಲ. ಔಷಧಿ ಹೊಂದಬೇಕಾದ್ದು ಹಾವು ಬಿಟ್ಟ ವಿಷಕ್ಕೆ, ಮಗುವಿನ ತೂಕಕ್ಕಲ್ಲ. ಲೆಕ್ಕ ಹೀಗಿದೆ: ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ. ಪ್ರತಿವಿಷದ 1 ಮಿಲಿಲೀಟರ್ ಅದರ 0.6 ಮಿಲಿಗ್ರಾಂ ವಿಷವನ್ನು ಕೊಲ್ಲುತ್ತದೆ. ಒಂದು ವಯಲ್ ಎಂದರೆ 10 ಮಿಲಿಲೀಟರ್. ಹತ್ತು ವಯಲ್ 60 ಮಿಲಿಗ್ರಾಂ ವಿಷಕ್ಕೆ ಸರಿ. ಆದ್ದರಿಂದಲೇ ಮೊದಲ ಸಲಕ್ಕೆ 8ರಿಂದ 10 ವಯಲ್. ಮಗುವಿಗೆ ಕಡಿಮೆ ಮಾಡುವುದು ಪ್ರತಿವಿಷ ಬೆರೆಸುವ ಸಲೈನ್ ಮಾತ್ರ.

ಆ 20 ನಿಮಿಷ ವ್ಯರ್ಥವಲ್ಲ. ಒಣಗಿದ, ಹೊಸ ಗಾಜಿನ ಕೊಳವೆಗೆ 2 ಮಿಲಿಲೀಟರ್ ರಕ್ತ ಹಾಕಿ ಅಲುಗಿಸದೆ ಇಡುತ್ತಾರೆ. 20 ನಿಮಿಷಕ್ಕೆ ಓರೆ ಮಾಡಿದಾಗ ರಕ್ತ ಇನ್ನೂ ನೀರಾಗಿ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ಕೊಳವೆ ಅಥವಾ ಸೋಪಿನಿಂದ ತೊಳೆದ ಗಾಜು ಬಳಸಿದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಹೊರಡಬೇಡಿ. ಪರೀಕ್ಷೆ ಮತ್ತೆ ಮತ್ತೆ ಮಾಡಬೇಕು, 24 ಗಂಟೆ ಅಲ್ಲೇ ಇರಬೇಕು.

ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾದದ್ದು, ಕೆಲವರಿಗೆ ಒಗ್ಗುವುದಿಲ್ಲ. ಡ್ರಿಪ್ ಹೋಗುತ್ತಿರುವಾಗ ತುರಿಕೆ, ದದ್ದು, ಚಳಿನಡುಕ, ಉಬ್ಬಸ ಕಂಡರೆ ಕೂಡಲೇ ನರ್ಸಿಗೆ ಹೇಳಿ. ಅವರು ನಿಲ್ಲಿಸಿ, ಅಡ್ರಿನಲಿನ್ ಕೊಟ್ಟು, ಸರಿಹೋದ ಮೇಲೆ ಮುಂದುವರಿಸುತ್ತಾರೆ.

ಪ್ರಶ್ನೆ: ಮನೆ ಹಿಂದೆ ತೊಗರಿ ಕಟ್ಟಿಗೆ ರಾಶಿ, ಒಡೆದ ಪರಸಿ ಕಲ್ಲು ಇವೆ. ಸಣ್ಣ ಹಾವೊಂದು ಗರಗರ ಸದ್ದು ಮಾಡುತ್ತಿತ್ತು. (ಶಹಾಬಾದ್)

ಗರಗಸ ಮಂಡಲ ಇರಬೇಕು. ಒಂದೂವರೆ ಅಡಿಯಷ್ಟೇ ಉದ್ದ, ಮೈ ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ, ತಲೆಯ ಮೇಲೆ ಬಾಣದಂಥ ಗುರುತು. ಚಿಕ್ಕದೆಂದು ಕಡೆಗಣಿಸಬೇಡಿ, ಇದರ ವಿಷಕ್ಕೆ ಒಸಡಿನಿಂದಲೂ ರಕ್ತ ಒಸರುತ್ತದೆ. ಕಲ್ಲುಸಂದು ಇದರ ನೆಚ್ಚಿನ ಜಾಗ. ಕಲ್ಲನ್ನು ಗೋಡೆಯಿಂದ ದೂರ ಸಾಗಿಸಿ, ಎತ್ತುವ ಮುನ್ನ ಕೋಲಿನಿಂದ ಉರುಳಿಸಿ. ಕಟ್ಟಿಗೆಯನ್ನು ನೆಲದಿಂದ ಒಂದಡಿ ಎತ್ತರದ ಅಟ್ಟದ ಮೇಲೆ ಒಟ್ಟಿ, ಹಗಲಲ್ಲೇ ತೆಗೆಯಿರಿ. ಕಾಳು ಚೆಲ್ಲಿದರೆ ಇಲಿ, ಇಲಿ ಬಂದರೆ ಹಾವು. ರಾತ್ರಿ ಬಯಲಿಗೆ, ನೀರು ಬಿಡಲು ಹೋಗುವಾಗ ಬ್ಯಾಟರಿ ಮತ್ತು ಬೂಟು ಇರಲಿ. ಹೊರಸು ಇಲ್ಲದವರು ನೆಲದಲ್ಲೇ ಮಲಗಿದರೂ ಸೊಳ್ಳೆಪರದೆಯ ಅಂಚನ್ನು ಕೌದಿಯ ಕೆಳಗೆ ಸುತ್ತಲೂ ಸಿಕ್ಕಿಸಿ. ಕಟ್ಟುಹಾವು ಅದನ್ನು ದಾಟಿ ಒಳಗೆ ಬರುವುದಿಲ್ಲ.