ಕುಸಿದ ಕಟ್ಟಡದ ಕಾರಣ ಪತ್ತೆ ಹೇಗೆ?

ಪ್ರಶ್ನೆ: ಕಟ್ಟಡ ಕುಸಿದ ಮರುದಿನವೇ ‘ಕಳಪೆ ಕಾಮಗಾರಿ’ ಎಂಬ ಸುದ್ದಿ ಬರುತ್ತದೆ. ಎಲ್ಲವೂ ಪುಡಿಯಾದ ಮೇಲೆ ನಿಜವಾದ ಕಾರಣವನ್ನು ತಜ್ಞರು ಹೇಗೆ ಗುರುತಿಸುತ್ತಾರೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮುರಿದ ತುಂಡುಗಳೇ ಮುಖ್ಯ ಸಾಕ್ಷಿ. ಸಿಲುಕಿದವರನ್ನು ಹೊರತೆಗೆದ ಕೂಡಲೇ ಜೆಸಿಬಿ ತಂದು ರಾಶಿ ಸಾಗಿಸಿಬಿಟ್ಟರೆ ಅರ್ಧ ತನಿಖೆ ಕೆಟ್ಟಂತೆ. ಮೊದಲು ಪ್ರತಿ ತುಂಡು ಬಿದ್ದ ಜಾಗದ ಫೋಟೊ ಮತ್ತು ಅಳತೆ ತೆಗೆದು, ತುಂಡಿನ ಮೇಲೆ ಬಣ್ಣದಲ್ಲಿ ನಂಬರ್ ಬರೆಯುತ್ತಾರೆ. ನಂತರ ಮೊದಲು ಮುರಿದದ್ದು ಯಾವುದು, ಅದು ಬಿದ್ದ ಏಟಿಗೆ ಮುರಿದದ್ದು ಯಾವುದು ಎಂದು ಬೇರ್ಪಡಿಸುತ್ತಾರೆ. ಕಬ್ಬಿಣದ ಸರಳು ಮುರಿದ ಕಡೆ ಸಣ್ಣಗಾಗಿದ್ದರೆ ಅದು ಪೂರ್ತಿ ಎಳೆತ ತಿಂದಿದೆ. ಇಡಿಯಾಗಿ ಕಿತ್ತುಬಂದಿದ್ದರೆ ಕಾಂಕ್ರೀಟಿನ ಹಿಡಿತ ಸಾಲಲಿಲ್ಲ. ಲ್ಯಾಪ್ ಉದ್ದ (ಎರಡು ಸರಳು ಸೇರುವಲ್ಲಿ ಒಂದರ ಪಕ್ಕ ಇನ್ನೊಂದು ಸಾಗುವ ಉದ್ದ) ಕಡಿಮೆಯಿತ್ತೇ ಎಂದು ನೋಡಬೇಕು.

ಮಾಲು ಚೆನ್ನಾಗಿದ್ದರೂ ಕುಸಿತ ಆಗುತ್ತದೆ. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಒಂದರ ಕೆಳಗೊಂದು ತೂಗುತ್ತಿದ್ದ ಎರಡು ಕಾಲುಸೇತುವೆಗಳು ಬಿದ್ದು 114 ಜನ ಸತ್ತರು. ಮೊದಲ ವಿನ್ಯಾಸದಲ್ಲಿ ಛಾವಣಿಯಿಂದ ಇಳಿದ ಒಂದೇ ಉದ್ದದ ರಾಡ್ ಎರಡೂ ಸೇತುವೆಗಳನ್ನು ಹೊರಬೇಕಿತ್ತು. ಅದನ್ನು ಎರಡು ರಾಡ್ ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನದರ ತೊಲೆಗೇ ನೇತುಹಾಕಿದರು. ಮೇಲಿನ ತೊಲೆಯಡಿಯ ನಟ್‌ಗೆ ಹೊರೆ ದುಪ್ಪಟ್ಟಾಯಿತು. ಆ ತೊಲೆಯೋ, ಎರಡು ಚಾನೆಲ್ (ಇಂಗ್ಲಿಷಿನ ‘C’ ಆಕಾರದ ಉಕ್ಕಿನ ತೊಲೆ) ಎದುರುಬದುರಿಟ್ಟು ವೆಲ್ಡ್ ಮಾಡಿದ ಪೆಟ್ಟಿಗೆ. ರಾಡಿನ ತೂತು ಕೊರೆದದ್ದು ವೆಲ್ಡ್ ಮೇಲೆಯೇ. ಕುಸಿದ ಮೇಲೂ ರಾಡ್‌ಗಳು ನಟ್, ವಾಷರ್ ಸಮೇತ ಛಾವಣಿಯಿಂದ ನೇತಾಡುತ್ತಿದ್ದವು. ಎಂದರೆ ಸೋತದ್ದು ರಾಡ್ ಅಲ್ಲ, ತೊಲೆಯ ತೂತು. ತನಿಖೆಗಾರರು ಅದೇ ಬಗೆಯ ಜೋಡಣೆ ಮಾಡಿ ಲ್ಯಾಬಿನಲ್ಲಿ ಹೊರೆ ಹೇರಿದರು, ಅವಶೇಷ ತೂಗಿದರು. ಸೇತುವೆಯ ಸ್ವಂತ ತೂಕವೇ ಲೆಕ್ಕಕ್ಕಿಂತ ಸುಮಾರು ಶೇ 8 ಹೆಚ್ಚಿತ್ತು. ನಗರದ ನಿಯಮ ಕೇಳುತ್ತಿದ್ದ ಬಲದಲ್ಲಿ ಜೋಡಣೆಗಿದ್ದದ್ದು ಸುಮಾರು ಶೇ 30. ಮೂಲ ವಿನ್ಯಾಸದಂತೆ ಕಟ್ಟಿದ್ದರೂ ಶೇ 60 ಮಾತ್ರ. ಆದ್ದರಿಂದ ಸಿಮೆಂಟಿನ ಮೇಲೆ ಅನುಮಾನಪಡುವ ಮೊದಲು ಹೊರೆ ಯಾವ ದಾರಿಯಲ್ಲಿ ಇಳಿಯುತ್ತಿತ್ತು ಎಂದು ನೋಡಲೇಬೇಕು.

ಪ್ರಶ್ನೆ: ನಮ್ಮ ಹಳೆ ಮನೆಗೆ ಹ್ಯಾಮರ್ ಟೆಸ್ಟ್ ಒಂದೇ ಸಾಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸಾಲದು. ಈ ಟೆಸ್ಟಿನ ರಿಬೌಂಡ್ ಹ್ಯಾಮರ್ (ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯಿತೆಂದು ನೋಡುವ ಉಪಕರಣ) ಅಳೆಯುವುದು ಮೇಲ್ಮೈಯ ಗಡಸುತನವನ್ನು. ಹಳೆ ಕಾಂಕ್ರೀಟಿನ ಹೊರಪದರ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಗಡುಸಾಗಿ, ಒಳಗಿಲ್ಲದ ಬಲ ತೋರಿಸಬಹುದು. ಕನಿಷ್ಠ ಮೂರು ಕೋರ್ (ಕಾಂಕ್ರೀಟಿನಿಂದ ಕೊರೆದು ತೆಗೆದ ಉರುಳೆಯಾಕಾರದ ತುಂಡು) ತೆಗೆಸಿ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಅವುಗಳ ಸರಾಸರಿ ಬಲ ಗ್ರೇಡಿನ (ಆ ಕಾಂಕ್ರೀಟಿಗೆ ನಿಗದಿಯಾದ ಬಲದ) ಶೇ 85 ಇರಬೇಕು, ಯಾವುದೂ ಶೇ 75ಕ್ಕಿಂತ ಇಳಿಯಬಾರದು. ಚದರ ಮಿ.ಮೀ.ಗೆ 20 ನ್ಯೂಟನ್ ಬಲದ ಎಂ20 ಕಾಂಕ್ರೀಟಾದರೆ ಇವು 17 ಮತ್ತು 15 ನ್ಯೂಟನ್. ಹೊಸದಾಗಿ ಒಡೆದ ಮುಖಕ್ಕೆ, ಸರಳನ್ನು ತುಕ್ಕಿನಿಂದ ಕಾಯುವ ಕ್ಷಾರಗುಣ ಉಳಿದಲ್ಲಿ ಗುಲಾಬಿಯಾಗುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಗುಲಾಬಿ ಬಣ್ಣ ಬಾರದ ಪದರ ಸರಳನ್ನು ಮುಟ್ಟಿದ್ದರೆ ತುಕ್ಕಿನ ಅಪಾಯವಿದೆ. ಕೊರೆಯುವ ಮೊದಲು ಕವರ್ ಮೀಟರಿನಿಂದ ಸರಳುಗಳ ಜಾಗ ಗುರುತು ಮಾಡಿಸಿ. ಕೊರೆದ ತೂತನ್ನು ಕುಗ್ಗದ ಗ್ರೌಟಿನಿಂದ (ಸಿಮೆಂಟಿನ ತೆಳು ಗಾರೆ) ತುಂಬಿಸಿ.